ವರ್ದಿ ತಿದ್ದುವ, ಪದಕ ಜೋಡಿಸುವ ಹುಬ್ಬಳ್ಳಿಯ ಒಂದು ಟೇಲರಿಂಗ್ ಅಂಗಡಿ

ದುರ್ಗದಬೈಲಿನಿಂದ ಒಳಕ್ಕೆ ಹೋಗುವ ಓಣಿಯಲ್ಲಿರುವ ಈ ಅಂಗಡಿ, ಹೊರಗಿನಿಂದ ನೋಡಿದವರಿಗೆ ಶಾಲಾ ಸಮವಸ್ತ್ರ ಹೊಲಿಯುವ ಸಾಧಾರಣ ಅಂಗಡಿಯಂತೆ ಕಾಣುತ್ತದೆ. ಆದರೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಸೇನೆಗೆ ಸೇರಿದ ಹುಡುಗರು ರಜೆಗೆ ಬಂದಾಗ ವರ್ದಿ ತಿದ್ದಿಸಿಕೊಳ್ಳಲು, ನಮ್ಮಂಥ ನಿವೃತ್ತರು ಗಣರಾಜ್ಯೋತ್ಸವಕ್ಕೆ ಮೊದಲು ಪದಕಗಳನ್ನು ಜೋಡಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ನಾನು ಸೇವೆಯಲ್ಲಿದ್ದಷ್ಟು ಕಾಲ ಈ ಕೆಲಸವನ್ನು ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಮಾಡಿಸುತ್ತಿದ್ದೆ. ಮರಾಠಾ ಲಘು ಪದಾತಿ ದಳದ ಕೇಂದ್ರ ಅಲ್ಲಿರುವುದರಿಂದ ಆ ಊರಿನ ದರ್ಜಿಗಳಿಗೆ ಸೇನೆಯ ಪದ್ಧತಿ ರೂಢಿಯಾಗಿದೆ. ಹುಬ್ಬಳ್ಳಿಯಲ್ಲಿ ಒಳ್ಳೆಯ ಹೊಲಿಗೆಯವರಿಗೆ ಬರವಿಲ್ಲ, ಆದರೆ ಸೇನೆಯ ನಿಯಮ ಬಲ್ಲವರು ಸಿಗುವುದು ದುರ್ಲಭ. ಆದ್ದರಿಂದಲೇ ಈ ಅಂಗಡಿಯ ಬಗ್ಗೆ ತುಸು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮಟ್ಟಿಗೆ ಇಲ್ಲಿಯ ದರ್ಜಿ ಮಾಸ್ತರರ ದೊಡ್ಡ ಗುಣವೆಂದರೆ, ಯಾರಿಗೆ ಏನನ್ನು ಹೊಲಿದುಕೊಡಬಾರದು ಎಂಬುದು ಅವರಿಗೆ ಖಚಿತವಾಗಿ ಗೊತ್ತಿರುವುದು. ಸೇನೆಯ ಬಟ್ಟೆಯ ಕೆಲಸ ಎಂದೊಡನೆ ಅವರು ಕೇಳುವ ಮೊದಲ ಮಾತು ಗುರುತಿನ ಚೀಟಿಯದು. ನನ್ನ ಎದುರಿಗೇ ನಾಟಕ ಮಂಡಳಿಯ ಒಬ್ಬರು ಕ್ಯಾಪ್ಟನ್ ಪಾತ್ರಕ್ಕಾಗಿ ಭುಜದ ಮೇಲಿನ ನಕ್ಷತ್ರಗಳನ್ನೂ ರಿಬ್ಬನ್‌ಗಳನ್ನೂ ಕೇಳಿದಾಗ, ಮಾಸ್ತರರು ಸಿಟ್ಟಾಗದೆ, "ಸಾಹೇಬ್ರ, ಕಾರ್ಡ್ ಇಲ್ದ ನಾ ಇದಕ್ಕ ಸೂಜಿ ಮುಟ್ಟಸಂಗಿಲ್ರಿ. ಸಾದಾ ಹಸಿರು ಅಂಗಿ ಬೇಕಂದ್ರ ಹೊಲದ ಕೊಡ್ತೀನಿ" ಎಂದರು. ಸೈನಿಕನೆಂದು ಜನರನ್ನು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪನ್ನಾಗಲಿ ಲಾಂಛನವನ್ನಾಗಲಿ ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನ ಪ್ರಕಾರ ಅಪರಾಧ. ಅದಕ್ಕೆ 3 ತಿಂಗಳವರೆಗಿನ ಸೆರೆವಾಸ, 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಾಟಕದ ಪಾತ್ರಧಾರಿಗೆ ಅಂಥ ಉದ್ದೇಶ ಇರುವುದಿಲ್ಲ ನಿಜ. ಆದರೆ ಅಂಗಡಿಯಿಂದ ಹೊರಬಿದ್ದ ಬಟ್ಟೆ ಮುಂದೆ ಯಾರ ಮೈಮೇಲೆ ಹೋಗುತ್ತದೆ ಎಂಬುದು ಹೊಲಿದವನ ಕೈಯಲ್ಲಿ ಉಳಿಯುವುದಿಲ್ಲ. 2016ರ ಜನವರಿಯಲ್ಲಿ ಪಠಾಣಕೋಟದ ವಾಯುನೆಲೆಗೆ ನುಗ್ಗಿದ ಉಗ್ರರು ತೊಟ್ಟಿದ್ದು ಸೇನೆಯ ಉಡುಪಿನಂಥ ಬಟ್ಟೆಯನ್ನೇ. ಅದಾದ ಮೇಲೆ ಇಂಥ ಬಟ್ಟೆಯನ್ನು ಮಾರಬೇಡಿ, ತೊಡಬೇಡಿ ಎಂದು ಸೇನೆಯೇ ಸಾರ್ವಜನಿಕರಲ್ಲಿ ಕೇಳಿಕೊಂಡಿತ್ತು. ಸ್ವಾತಂತ್ರ್ಯ ದಿನದ ವೇಷಕ್ಕಾಗಿ ಮಕ್ಕಳನ್ನು ಕರೆತರುವ ತಂದೆ ತಾಯಿಗಳಿಗೂ ಇಲ್ಲಿ ಸಿಗುವುದು ಲಾಂಛನವಿಲ್ಲದ ಹಸಿರು ಬಟ್ಟೆ ಮಾತ್ರ, ಮತ್ತು ಅದು ಸರಿಯಾದದ್ದೇ.

ಈಗಿನ ಕಾಂಬ್ಯಾಟ್ ವರ್ದಿಯ, ಅಂದರೆ ಮರೆಮಾಚುವ ಚುಕ್ಕೆ ವಿನ್ಯಾಸದ ಕಾದಾಟದ ಉಡುಪಿನ ವಿಷಯದಲ್ಲಿ ಅವರ ಬಿಗಿ ಇನ್ನೂ ಹೆಚ್ಚು. 2022ರ ಜನವರಿ 15ರ ಸೇನಾ ದಿನದಂದು ಮೊದಲ ಬಾರಿಗೆ ಪ್ರದರ್ಶಿಸಲಾದ ಈ ವರ್ದಿಯನ್ನು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯ ನೆರವಿನಿಂದ ರೂಪಿಸಲಾಯಿತು. ಅದರ ವಿನ್ಯಾಸವನ್ನು ಸೇನೆ ತನ್ನ ಹೆಸರಿನಲ್ಲಿ ನೋಂದಣಿ ಮಾಡಿಸಿದೆ. ಹಾಗಾಗಿ ಪೇಟೆಯಲ್ಲಿ ಸಿಗುವ ಅದೇ ಚುಕ್ಕೆಯ ಬಟ್ಟೆಯನ್ನು ತಂದುಕೊಟ್ಟರೆ ಮಾಸ್ತರರು ಕತ್ತರಿ ಹಾಕುವುದಿಲ್ಲ. ಸೇನೆಯಿಂದ ಕೊಟ್ಟ ಅಥವಾ ಸೈನಿಕರಿಗೆಂದೇ ಇರುವ ಕ್ಯಾಂಟೀನ್ ಅಂಗಡಿಯಲ್ಲಿ ಕೊಂಡ ವರ್ದಿಯನ್ನು ಅಳತೆಗೆ ತಿದ್ದುವುದಷ್ಟೇ ಅವರ ಕೆಲಸ. ಈ ಅಂಗಿಯನ್ನು ಹಳೆಯದರಂತೆ ಪ್ಯಾಂಟಿನೊಳಗೆ ಸೇರಿಸದೆ ಹೊರಗೆ ಬಿಡುವುದರಿಂದ, ಉದ್ದದಲ್ಲಿ ಒಂದು ಬೆರಳಿನಷ್ಟು ಹೆಚ್ಚು ಕಡಿಮೆಯಾದರೂ ಸಾಲಿನಲ್ಲಿ ನಿಂತಾಗ ಎದ್ದು ಕಾಣುತ್ತದೆ. ಅವರು ಅಂಗಿಯ ಅಂಚನ್ನು ಮೊದಲು ಕಚ್ಚಾ ಹೊಲಿಗೆ ಹಾಕಿ, ಹುಡುಗನನ್ನು ಕೈ ಮೇಲೆತ್ತಿಸಿ, ಕುಕ್ಕುರುಗಾಲಲ್ಲಿ ಕೂರಿಸಿ ನೋಡಿದ ಮೇಲೆಯೇ ಪಕ್ಕಾ ಹೊಲಿಗೆಗೆ ಹೋಗುತ್ತಾರೆ. ಹುಡುಗರೆಲ್ಲ ಮೈಗಂಟುವಂತೆ ಬಿಗಿಯಾಗಿರಬೇಕೆಂದು ಹಟ ಹಿಡಿಯುತ್ತಾರೆ. ತೊಡೆಯ ಹತ್ತಿರ ಸಡಿಲವಿರದಿದ್ದರೆ ತೆವಳುವಾಗ ಹೊಲಿಗೆ ಬಿಚ್ಚುತ್ತದೆ, ಚಳಿ ನಾಡಿಗೆ ವರ್ಗವಾದರೆ ಒಳಗೊಂದು ಉಣ್ಣೆಯ ಬನಿಯನ್ ಹಾಕಲು ಜಾಗವೇ ಇರುವುದಿಲ್ಲ ಎಂದು ಮಾಸ್ತರರು ತಿಳಿಸಿ ಹೇಳುತ್ತಾರೆ. ಕೇಳದವರ ವರ್ದಿಯನ್ನೂ ಅವರು ಒಂದು ಮಿತಿಗಿಂತ ಹೆಚ್ಚು ಕಿರಿದು ಮಾಡಿಕೊಡುವುದಿಲ್ಲ. ಗಿರಾಕಿಯನ್ನು ಕಳೆದುಕೊಂಡರೂ ಈ ಮಾತಿಗೆ ಅಂಟಿಕೊಂಡಿರುವುದನ್ನು ನಾನು ಮೆಚ್ಚುತ್ತೇನೆ.

ಎದೆಯ ಮೇಲಿನ ಹೆಸರಿನ ಪಟ್ಟಿಯನ್ನೂ ಇಲ್ಲಿ ಮಾಡಿಸಿಕೊಡುತ್ತಾರೆ. ನಮ್ಮ ಕಡೆಯ ಹೂಗಾರ, ಬಡಿಗೇರ, ಹಡಪದ ಮುಂತಾದ ಅಡ್ಡಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಬರೆಯಲ್ಪಟ್ಟಿರುತ್ತವೆ. ಇವರು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳದೆ, ಗುರುತಿನ ಚೀಟಿಯಲ್ಲಿರುವ ಅಕ್ಷರಗಳನ್ನೇ ಒಂದೊಂದಾಗಿ ಇಳಿಸಿಕೊಳ್ಳುತ್ತಾರೆ.

ಈ ಅಂಗಡಿಗೆ ನಾನು ಹೋದ ಮುಖ್ಯ ಕಾರಣ ಪದಕಗಳು. ನಿವೃತ್ತರಾದ ನಾವು ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಜುಲೈ 26ರ ಕಾರ್ಗಿಲ್ ವಿಜಯ ದಿವಸಗಳಂದು ಬ್ಲೇಜರಿನ ಎಡ ಎದೆಯ ಮೇಲೆ ಪದಕಗಳನ್ನು ಧರಿಸುತ್ತೇವೆ. ನನ್ನ ಬಳಿ ಇರುವವು ಕಾರ್ಗಿಲ್ ಕಾಲದ ಆಪರೇಷನ್ ವಿಜಯ್ ಪದಕ, ಸೈನ್ಯ ಸೇವಾ ಪದಕ, ಎತ್ತರದ ಪ್ರದೇಶದ ಸೇವೆಗೆ ಕೊಡುವ ಹೈ ಆಲ್ಟಿಟ್ಯೂಡ್ ಪದಕ, ಸ್ವಾತಂತ್ರ್ಯದ 50ನೇ ವರ್ಷದ ಪದಕ, ಹಾಗೂ 20 ವರ್ಷ ಮತ್ತು 9 ವರ್ಷಗಳ ದೀರ್ಘ ಸೇವಾ ಪದಕಗಳು. ಇವುಗಳನ್ನು ಧರಿಸಬೇಕಾದ ಕ್ರಮವೂ ಇದೇ. ಮೊದಲನೆಯದು ಎದೆಯ ಮಧ್ಯಕ್ಕೆ, ಅಂದರೆ ಗುಂಡಿಗಳ ಸಾಲಿಗೆ ಹತ್ತಿರ ಬರಬೇಕು, ಕೊನೆಯದು ತೋಳಿನ ಕಡೆಗೆ. ಹಿಂದೆ ಬೇರೊಂದು ಕಡೆ ಕೊಟ್ಟಾಗ, ಮೊದಲು ಸಿಕ್ಕಿದ್ದು ಮೊದಲು ಬರಬೇಕೆಂದು ತಿಳಿದು 9 ವರ್ಷದ ಪದಕವನ್ನು 20 ವರ್ಷದ್ದಕ್ಕಿಂತ ಮುಂದಿಟ್ಟು ಹೊಲಿದಿದ್ದರು. ನೋಡುವ ಸಾಮಾನ್ಯರಿಗೆ ಇದು ತಿಳಿಯುವುದಿಲ್ಲ, ಆದರೆ ವೇದಿಕೆಯ ಮೇಲಿರುವ ಸೇನಾಧಿಕಾರಿಯ ಕಣ್ಣಿಗೆ ಅದೇ ಮೊದಲು ಬೀಳುತ್ತದೆ.

ಇಲ್ಲಿಯ ಮಾಸ್ತರರು ಪದಕಗಳನ್ನು ಕೈಗೆ ತೆಗೆದುಕೊಂಡು ಮಾಡಿದ ಮೊದಲ ಕೆಲಸವೆಂದರೆ, ಪ್ರತಿಯೊಂದರ ಅಂಚಿನಲ್ಲಿ ಕೊರೆದಿರುವ ಸೈನ್ಯ ಸಂಖ್ಯೆ, ಹುದ್ದೆ ಮತ್ತು ಹೆಸರನ್ನು ಭೂತಗನ್ನಡಿಯಲ್ಲಿ ಓದಿ, ನಿವೃತ್ತಿಯ ವೇಳೆ ಸೇನೆ ಕೊಟ್ಟ ನನ್ನ ಸೇವಾ ದಾಖಲೆಯಾದ ಡಿಸ್ಚಾರ್ಜ್ ಬುಕ್ಕಿನೊಂದಿಗೆ ತಾಳೆ ನೋಡಿದ್ದು. ಆಮೇಲೆ ಗೋಡೆಯ ಮೇಲಿನ ಬಣ್ಣದ ಪಟ್ಟಿಯನ್ನು ನೋಡಿ ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಗಟ್ಟಿಯಾದ ಬಕ್ರಮ್ಮಿಗೆ ಕಪ್ಪು ಬಟ್ಟೆ ಹೊದಿಸಿ, 32 ಮಿಲಿಮೀಟರ್ ಅಗಲದ ಒಂದೊಂದು ರಿಬ್ಬನ್ನನ್ನೂ ಅದರ ಮೇಲೆ ನೆರಿಗೆ ಬಾರದಂತೆ ಎಳೆದು ಹಿಂಬದಿಯಲ್ಲಿ ಕೈಹೊಲಿಗೆ ಹಾಕಿದರು. ಪದಕಗಳು ಹೆಚ್ಚಿರುವುದರಿಂದ ಒಂದರ ಮೇಲೊಂದು ಸ್ವಲ್ಪ ಏರಿಸಬೇಕಾಗುತ್ತದೆ. ಹಾಗೆ ಏರಿಸುವಾಗ ಎದೆಯ ಮಧ್ಯಕ್ಕಿರುವ ಮೊದಲ ಪದಕ ಪೂರ್ತಿ ಕಾಣಬೇಕು, ಉಳಿದವು ಅದರ ಅಡಿಗೆ ಸರಿಯಬೇಕು. ಪದಕಗಳ ಕೆಳ ಅಂಚು ಒಂದೇ ಗೆರೆಯಲ್ಲಿದೆಯೇ ಎಂದು ನೋಡಲು ಅವರು ಮರದ ಫುಟ್‌ಪಟ್ಟಿಯನ್ನು ಅಡ್ಡಲಾಗಿ ಹಿಡಿದರು. ಒಂದು ಪದಕ ಕೂದಲೆಳೆಯಷ್ಟು ಕೆಳಗಿದ್ದದ್ದಕ್ಕೆ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಿದರು. ಹೀಗೆ ಬಕ್ರಮ್ಮಿಗೆ ಬಿಗಿದ ಪದಕಗಳು ನಡೆಯುವಾಗ ಒಂದಕ್ಕೊಂದು ಬಡಿದು ಸದ್ದು ಮಾಡುವುದಿಲ್ಲ, ಅಂಚಿನ ಕೊರೆತವೂ ಸವೆಯುವುದಿಲ್ಲ.

ಬಣ್ಣದ ದಿಕ್ಕಿನ ಬಗ್ಗೆಯೂ ಅವರಿಗೆ ಎಚ್ಚರವಿದೆ. ಪರಮವೀರ ಚಕ್ರದ ರಿಬ್ಬನ್ ಪೂರ್ತಿ ನೇರಳೆ ಬಣ್ಣದ್ದಾದ್ದರಿಂದ ಹೇಗಿಟ್ಟರೂ ಒಂದೇ. ಆದರೆ ವೀರ ಚಕ್ರದ್ದು ಅರ್ಧ ನೀಲಿ, ಅರ್ಧ ಕೇಸರಿಯಾದ್ದರಿಂದ ತಿರುಗಿಸಿ ಹೊಲಿದರೆ ತಪ್ಪಾಗುತ್ತದೆ. ಬೆಂಗೇರಿ ಬಡಾವಣೆಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಊರಿನವರಾದ ನಮಗೆ, ಬಟ್ಟೆಯ ಬಣ್ಣ ಮತ್ತು ಅಳತೆಗೆ ಇಷ್ಟು ಕಟ್ಟುನಿಟ್ಟು ಏಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಸಿಯಾಚಿನ್ ಹಿಮದಡಿ ಸಿಲುಕಿ 2016ರ ಫೆಬ್ರವರಿ 11ರಂದು ಕೊನೆಯುಸಿರೆಳೆದ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಜಿಲ್ಲೆ ಇದು. ಹುತಾತ್ಮರ ತಾಯಂದಿರು, ಪತ್ನಿಯರು ಸಮಾರಂಭಗಳಿಗೆ ಬರುವುದನ್ನು ನಾವು ಕಂಡಿದ್ದೇವೆ. ಅಗಲಿದವರ ಪದಕವನ್ನು ಮನೆಯವರು ಎಡಕ್ಕಲ್ಲದೆ ಬಲ ಎದೆಯ ಮೇಲೆ ಧರಿಸುವುದು ರೂಢಿ. ಮಾಸ್ತರರು ಇದಕ್ಕೆಂದೇ ಬೇರೆ ರೀತಿಯ ಪಟ್ಟಿ ಮಾಡುತ್ತಾರೆ. ಪದಕದ ಭಾರಕ್ಕೆ ಸೀರೆ ಜೋತುಬಿದ್ದು ಹರಿಯದಂತೆ ಒಳಗಿನಿಂದ ದಪ್ಪ ಬಟ್ಟೆಯ ಆಸರೆ ಕೊಟ್ಟು, ಪಿನ್ನಿನ ಮೊನೆ ಮೈಗೆ ತಾಗದಂತೆ ಮೇಲೊಂದು ಮಡಿಕೆ ಹೊಲಿಯುತ್ತಾರೆ. ಇಂಥದ್ದೊಂದು ಅಗತ್ಯವನ್ನು ಯೋಚಿಸಿ ದಾರಿ ಕಂಡುಕೊಂಡ ದರ್ಜಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಅಂಗಡಿಯಲ್ಲಿ ದರದ ಪಟ್ಟಿ ಇಲ್ಲ. ಕೆಲಸ ಮುಗಿದ ಮೇಲೆ ಹೇಳುವ ಮೊತ್ತ ನ್ಯಾಯವಾದದ್ದೇ ಆದರೂ ಮೊದಲೇ ತಿಳಿದಿರಬೇಕಿತ್ತು. ಪದಕದ ಕೆಲಸ ಬಲ್ಲವರು ಮಾಸ್ತರರೊಬ್ಬರೇ ಆದ್ದರಿಂದ ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಹೇಳಿದ ದಿನಕ್ಕೆ ಕೆಲಸ ಕೈಗೆ ಸಿಗುವುದಿಲ್ಲ. ಇದು ನಮಗೆ ನಡೆದೀತು, ಸೇವೆಯಲ್ಲಿರುವವರಿಗೆ ನಡೆಯದು. ಖಾಯಂ ಸೈನಿಕನಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಇದೆ, ನಾಲ್ಕು ವರ್ಷದ ಅವಧಿಗೆ ಸೇರುವ ಅಗ್ನಿವೀರರಿಗೆ ಇರುವುದು 30 ದಿನ ಮಾತ್ರ. ಹೋಗಿಬರುವ ರೈಲಿನ ದಿನಗಳನ್ನು ಕಳೆದು ಉಳಿಯುವ ರಜೆಯಲ್ಲಿ, ಇಂದು ಬಾ ನಾಳೆ ಬಾ ಎಂದು ಗದಗಿನಿಂದಲೋ ರಾಣೆಬೆನ್ನೂರಿನಿಂದಲೋ ಹುಡುಗನನ್ನು ಅಲೆಸುವುದು ಸರಿಯಲ್ಲ. ರಜೆಯ ಚೀಟಿ ನೋಡಿ, ಮೊದಲು ಮರಳಬೇಕಾದವರ ಕೆಲಸವನ್ನು ಮೊದಲು ಮುಗಿಸುವ ಪದ್ಧತಿಯನ್ನು ಇಟ್ಟುಕೊಳ್ಳಬೇಕೆಂದು ನಾನು ಅವರಿಗೆ ನೇರವಾಗಿಯೇ ಹೇಳಿದ್ದೇನೆ.

ಇದಕ್ಕಿಂತ ದೊಡ್ಡ ಕೊರತೆ ಮಹಿಳೆಯರ ಅಳತೆಯದು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂದಿದೆ, ಅಗ್ನಿವೀರರಾಗಿಯೂ ಹೆಣ್ಣುಮಕ್ಕಳು ಸೇರುತ್ತಿದ್ದಾರೆ. ಹೀಗಿದ್ದೂ ಇಲ್ಲಿ ಅಳತೆ ತೆಗೆದುಕೊಳ್ಳಲು ಒಬ್ಬ ಮಹಿಳೆಯೂ ಇಲ್ಲ, ಬಟ್ಟೆ ಬದಲಿಸಿ ನೋಡಲು ಮರೆಯ ಕೋಣೆಯೂ ಇಲ್ಲ. ಸರಿಯಾಗಿ ಹೊಂದುವ ಇನ್ನೊಂದು ಅಂಗಿಯನ್ನು ಅಳತೆಗೆ ಕೊಡಿ ಎನ್ನುತ್ತಾರೆ. ಇಷ್ಟೊಂದು ಎಚ್ಚರದಿಂದ ಕೆಲಸ ಮಾಡುವ ಅಂಗಡಿ ಇದನ್ನು ಬೇಗನೆ ಸರಿಪಡಿಸಬೇಕು. ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ್ದು ದುರ್ಗದಬೈಲಿನ ಎಲ್ಲ ಅಂಗಡಿಗಳಿಗೂ ಇರುವ ತೊಂದರೆ.

ಹೋಗುವವರು ಗುರುತಿನ ಚೀಟಿಯನ್ನೂ, ನಿವೃತ್ತರಾದರೆ ಡಿಸ್ಚಾರ್ಜ್ ಬುಕ್ಕನ್ನೂ ಜೊತೆಗಿಟ್ಟುಕೊಳ್ಳಬೇಕು. ಬ್ಲೇಜರನ್ನೂ ಒಯ್ದರೆ ಪಿನ್ನಿನ ಜಾಗವನ್ನು ಅಲ್ಲೇ ಗುರುತು ಮಾಡಿಕೊಡುತ್ತಾರೆ. ಪದಕಗಳನ್ನು ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿ ಒಯ್ಯಬಾರದು, ಅಂಚಿನ ಅಕ್ಷರಗಳು ಅದರಿಂದಲೇ ಮಾಸುತ್ತವೆ. ಮೂಲ ಪದಕ ಕಳೆದುಹೋದವರಿಗೆ ಮಾಸ್ತರರು ನಕಲು ಮಾಡಿಕೊಡುವುದಿಲ್ಲ, ಸೇವಾ ದಾಖಲೆ ಇಡುವ ತಮ್ಮ ರೆಕಾರ್ಡ್ ಆಫೀಸಿಗೆ ಬರೆಯಲು ಹೇಳಿ ಕಳುಹಿಸುತ್ತಾರೆ. ಗಣರಾಜ್ಯೋತ್ಸವಕ್ಕೆ ಬೇಕಾದವರು ಡಿಸೆಂಬರ್ ಮುಗಿಯುವುದರೊಳಗೆ ಕೊಟ್ಟುಬರುವುದು ಒಳ್ಳೆಯದು.