ಆಕ್ಟಿವಾಕ್ಕೆ ಸೈಡ್ ವೀಲ್: ಕಿಟ್‌ಗಿಂತ ಕೂರಿಸುವವನ ಕೈ ಮುಖ್ಯ

ಸೈಡ್ ವೀಲ್ ಕಿಟ್ ಯಾವುದು ಚೆನ್ನಾಗಿದೆ ಎಂದು ಕೇಳುವವರಿಗೆ ತಿರುಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಕೂರಿಸಿ ಕೊಡುವವರು ಯಾರು? ಪೋಲಿಯೊದಿಂದ ಕಾಲು ಸೋತವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಮಂಡಿಯಿಂದ ಮೇಲೆ ಕಾಲು ಕಳೆದುಕೊಂಡವರು ನಮ್ಮಲ್ಲಿ ಹೆಚ್ಚಾಗಿ ನೆಚ್ಚಿಕೊಂಡಿರುವುದು ಗೇರಿಲ್ಲದ ಸ್ಕೂಟರಿಗೆ ಎರಡು ಪಕ್ಕದ ಚಕ್ರ ಜೋಡಿಸಿದ ಗಾಡಿಯನ್ನೇ. ಅದರಲ್ಲೂ ಆಕ್ಟಿವಾಕ್ಕೆ ಕಿಟ್ ಸುಲಭವಾಗಿ ಸಿಗುತ್ತದೆ. ಕಿಟ್ ಎಂದರೆ ಕಬ್ಬಿಣದ ಪೈಪು, ಎರಡು ಚಕ್ರ, ನಾಲ್ಕಾರು ಬೋಲ್ಟು, ಎರಡು ಮಡ್‌ಗಾರ್ಡು. ಕೆಡುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ತೊಂದರೆ ಬರುವುದು ಎತ್ತರದ ಲೆಕ್ಕ ತಪ್ಪಿದಾಗ.

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಗಾಡಿಯ ಹಿಂಬದಿಗೆ ಅಡ್ಡಲಾಗಿ ಒಂದೇ ಗಟ್ಟಿ ಪೈಪು ಬಿಗಿದು, ಅದರ ಎರಡು ತುದಿಗೆ ಚಕ್ರ ಸಿಕ್ಕಿಸಿರುತ್ತಾರೆ. ಸ್ಪ್ರಿಂಗು ಇರುವುದಿಲ್ಲ. ಇನ್ನೊಂದರಲ್ಲಿ ಪ್ರತಿ ಪಕ್ಕದ ಚಕ್ರಕ್ಕೂ ಬೇರೆ ಬೇರೆ ತೋಳು, ಬೇರೆ ಬೇರೆ ಶಾಕ್ ಅಬ್ಸಾರ್ಬರ್. ಫಿಟ್ಟಿಂಗ್ ಸೇರಿ ಸುಮಾರು 15ರಿಂದ 25 ಸಾವಿರ ರೂಪಾಯಿಯ ಒಳಗೆ ಎರಡೂ ಸಿಗುತ್ತವೆ, ಶಾಕ್ ಇರುವುದು ಸಹಜವಾಗಿಯೇ ದುಬಾರಿ. ಗಟ್ಟಿ ಆಕ್ಸಲಿನದನ್ನು, ಅಂದರೆ ಸ್ಪ್ರಿಂಗಿಲ್ಲದ ಮೊದಲ ಬಗೆಯದನ್ನು, ಕೊಳ್ಳಬೇಡಿ ಎಂಬುದು ನಮ್ಮ ನೇರ ಮಾತು. ಊರೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ ಅದು ಹೇಗೋ ನಡೆಯುತ್ತದೆ, ಹಂಪು ಗುಂಡಿಗಳಿರುವ ಕಡೆ ನಡೆಯುವುದಿಲ್ಲ.

ಕಾರಣ ಹೀಗಿದೆ. ಆಕ್ಟಿವಾದಂಥ ಸ್ಕೂಟರಿನಲ್ಲಿ ಎಂಜಿನ್ನೂ ಹಿಂದಿನ ಚಕ್ರವೂ ಒಂದೇ ತುಂಡು. ಅದು ಚಾಸಿಗೆ ಮುಂಭಾಗದಲ್ಲಿ ನೇತುಬಿದ್ದು, ಹಿಂದೆ ಒಂದು ಶಾಕ್ ಅಬ್ಸಾರ್ಬರ್ ಮೇಲೆ ಮೇಲೆ-ಕೆಳಗೆ ಆಡುತ್ತದೆ. ಗಟ್ಟಿ ಆಕ್ಸಲಿನ ಕಿಟ್‌ನಲ್ಲಿ ಪಕ್ಕದ ಚಕ್ರಗಳು ಮಾತ್ರ ಚಾಸಿಗೇ ಬಿಗಿದಿರುತ್ತವೆ. ಸವಾರ ಕೂತಾಗ ಚಾಸಿ ತಗ್ಗುತ್ತದೆ, ಪಕ್ಕದ ಚಕ್ರಗಳು ನೆಲಕ್ಕೆ ಊರುತ್ತವೆ. ಅಲ್ಲಿಂದಾಚೆ ಹಿಂದೆ ಇನ್ನೊಬ್ಬರು ಕೂತರೂ, ಗ್ಯಾಸ್ ಸಿಲಿಂಡರು ಇಟ್ಟರೂ ಆ ಹೆಚ್ಚಿನ ಭಾರದ ಬಹುಪಾಲು ಪಕ್ಕದ ಚಕ್ರಗಳಿಗೆ ಹೋಗುತ್ತದೆ. ನಡುವಿನ ಚಕ್ರಕ್ಕೆ, ಅಂದರೆ ಗಾಡಿಯದೇ ಹಿಂದಿನ ಚಕ್ರಕ್ಕೆ, ಸೇರುವುದು ತೀರ ಕಡಿಮೆ. ಎಳೆಯುವುದೂ ಹಿಂದೆ ಬ್ರೇಕ್ ಹಿಡಿಯುವುದೂ ಮಾತ್ರ ಆ ನಡುವಿನ ಚಕ್ರವೇ. ಸಾಮಾನ್ಯ ಕಿಟ್‌ಗಳಲ್ಲಿ ಪಕ್ಕದ ಚಕ್ರಗಳಿಗೆ ಬ್ರೇಕ್ ಇರುವುದಿಲ್ಲ. ಎರಡು ಪಕ್ಕದ ಚಕ್ರಗಳು ದಿಬ್ಬದ ಮೇಲೂ ನಡುವಿನದು ತಗ್ಗಿನ ಮೇಲೂ ಬಂದ ಕ್ಷಣ ಗಾಡಿ ಅಲ್ಲೇ ನಿಲ್ಲುತ್ತದೆ. ಎಂಜಿನ್ ಕೂಗುತ್ತದೆ, ಟೈರು ನಿಂತಲ್ಲೇ ಸುತ್ತುತ್ತದೆ, ಗಾಡಿ ಮಿಸುಕುವುದಿಲ್ಲ. ಇಳಿದು ತಳ್ಳಿ ಎನ್ನಲು ಸವಾರನಿಗೆ ಕಾಲೇ ಇಲ್ಲ. ಇಳಿಜಾರಿನಲ್ಲಿ ಹೀಗಾದರೆ ಹಿಂದಿನ ಬ್ರೇಕೂ ಹೋಯಿತು ಎಂದೇ ಲೆಕ್ಕ.

ಹಾಗೆಂದು ಪಕ್ಕದ ಚಕ್ರಗಳನ್ನು ತೀರ ಮೇಲಕ್ಕೆ ಕಟ್ಟಿದರೆ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡುತ್ತದೆ. ಸೊಂಟದಲ್ಲಿ ಹಿಡಿತ ಇಲ್ಲದವರನ್ನು ಆ ವಾಲಾಟವೇ ಕೆಡವುತ್ತದೆ. ಇವೆರಡರ ನಡುವಿನ ಜಾಗ ಹುಡುಕುವುದೇ ಫಿಟ್ಟರ್‌ನ ಕಸುಬು. ಅದನ್ನು ಅವನು ಖಾಲಿ ಗಾಡಿಯ ಮೇಲೆ ಮಾಡಿದರೆ ಪ್ರಯೋಜನವಿಲ್ಲ. ಓಡಿಸುವವರೇ ಅಂಗಡಿಗೆ ಹೋಗಬೇಕು. ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ ಪಟ್ಟಿ), ಊರುಗೋಲು, ದಿನಾ ಒಯ್ಯುವ ಚೀಲ ಎಲ್ಲ ಜೊತೆಗಿರಬೇಕು.

ಮೊದಲು ಟೈರ್ ಗಾಳಿ ಸರಿ ಮಾಡಿಸಿ: ಆಕ್ಟಿವಾದಲ್ಲಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36 ಪಿಎಸ್‌ಐ. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಅತಿ ಗಟ್ಟಿಯಾದ ಮೆಟ್ಟಿಲಿಗೆ ತಿರುಗಿಸಲು ಹೇಳಿ (6ಜಿ ಮಾದರಿಯಲ್ಲಿ ಮೂರು ಮೆಟ್ಟಿಲಿದೆ). ಹೀಗೆ ಮಾಡಿದರೆ ನಡುವಿನ ಚಕ್ರದ ಪಾಲಿನ ಭಾರ ಹೆಚ್ಚುತ್ತದೆ. ಇದನ್ನು ಬಹಳ ಫಿಟ್ಟರ್‌ಗಳು ಮುಟ್ಟುವುದೇ ಇಲ್ಲ. ನಂತರ ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಸವಾರ ಕೂರಬೇಕು. ನೆಲದಿಂದ ಹ್ಯಾಂಡಲಿನ ಎಡ ತುದಿಗೂ ಬಲ ತುದಿಗೂ ಟೇಪ್ ಹಿಡಿದು ಅಳೆದು, ಎರಡೂ ಒಂದೇ ಬರುವ ತನಕ ಬ್ರಾಕೆಟ್ಟಿನ ಉದ್ದ ತೂತಿನಲ್ಲಿ ಚಕ್ರವನ್ನು ಏರಿಸಿ ಇಳಿಸಬೇಕು. ಒಂದು ಕಾಲು ಸಣಕಲಾಗಿರುವವರ ಭಾರ ಒಂದು ಬದಿಗೇ ಬೀಳುತ್ತದೆ. ಅಂಥವರಿಗೆ ಎರಡು ಪಕ್ಕದ ಸೆಟ್ಟಿಂಗ್ ಒಂದೇ ಆಗಿರುವುದಿಲ್ಲ, ಆಗಿರಲೂಬಾರದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಎರಡು ಪಕ್ಕದ ಚಕ್ರಗಳ ಕೆಳಗೂ ಒಂದಿಂಚು ದಪ್ಪದ ಹಲಗೆ ಇಡಿ. ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಸವಾರ ಕೂತು ಮೆಲ್ಲಗೆ ಎಕ್ಸಲರೇಟರ್ ಕೊಡಲಿ. ಗಾಡಿ ಹಲಗೆಯಿಂದ ಇಳಿದು ಮುಂದೆ ಬಂದರೆ ಸರಿ. ಚಕ್ರ ನಿಂತಲ್ಲೇ ಸುತ್ತಿದರೆ ಇನ್ನೂ ಕೆಲಸ ಬಾಕಿ ಇದೆ. ಗಟ್ಟಿ ಆಕ್ಸಲಿನ ಕಿಟ್‌ಗಳು ಇಲ್ಲೇ ಸೋಲುತ್ತವೆ. ಶಾಕ್ ಇರುವವು ಸೋತರೆ ಆ ಶಾಕ್‌ನ ಸ್ಪ್ರಿಂಗು ಸವಾರನ ತೂಕಕ್ಕೆ ತೀರ ಬಿರುಸು ಎಂದರ್ಥ. 50 ಕಿಲೊ ತೂಗುವವರಿಗೂ 90 ಕಿಲೊ ತೂಗುವವರಿಗೂ ಒಂದೇ ಸ್ಪ್ರಿಂಗು ಹಾಕಿ ಕಳಿಸುವುದು ಈ ವ್ಯಾಪಾರದ ದೊಡ್ಡ ಸೋಮಾರಿತನ. ರಾಜ್ಯದ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಕೊಡುವ ಯಂತ್ರಚಾಲಿತ ದ್ವಿಚಕ್ರ ವಾಹನ ಪಡೆದವರೂ ಇದೇ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಆ ಗಾಡಿಗಳು ಸಾಲಾಗಿ ತಯಾರಾಗಿ ಬರುತ್ತವೆ, ಯಾರ ತೂಕಕ್ಕೂ ಅಳೆದು ಮಾಡಿದವಲ್ಲ.

ಜೋಡಣೆ ಬೋಲ್ಟಿನಲ್ಲೇ ಆಗಬೇಕು. ಚಾಸಿಗೆ ನೇರ ವೆಲ್ಡಿಂಗ್ ಮಾಡುತ್ತೇನೆ ಎನ್ನುವವರ ಅಂಗಡಿಯಿಂದ ಎದ್ದು ಬನ್ನಿ. ಆಕ್ಟಿವಾದ ಪೆಟ್ರೋಲ್ ಟ್ಯಾಂಕ್ ಇರುವುದೇ ಹಿಂಬದಿಯಲ್ಲಿ. ಅಷ್ಟೇ ಅಲ್ಲದೆ, 2020ರಿಂದ ಈಚಿನ ಬಿಎಸ್6 ಗಾಡಿಗಳಲ್ಲಿ ಇಂಧನ ಇಂಜೆಕ್ಷನ್ ನಡೆಸುವ ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಇದೆ. ಬ್ಯಾಟರಿ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಅದು ಸುಡಬಹುದು. ಎಂಜಿನ್ ಕೇಸಿಗೆ ಕ್ಲಾಂಪ್ ಹಾಕುವುದೂ ತಪ್ಪು, ಎಂಜಿನ್ ನೇತುಬಿದ್ದಿರುವ ಬುಷ್‌ಗಳು ಬೇಗ ಸವೆದು ಗಾಡಿಯ ಹಿಂಭಾಗ ಅಲ್ಲಾಡತೊಡಗುತ್ತದೆ. ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಸ್ಟಾರ್ಟ್ ಆಗದ ಮಾದರಿಗಳಲ್ಲಿ, ಕಿಟ್‌ಗೆ ಅಡ್ಡ ಬರುತ್ತದೆಂದು ಸ್ಟ್ಯಾಂಡ್ ಕಿತ್ತಿದ್ದರೆ ಅದರ ಸ್ವಿಚ್ಚಿನ ವೈರು ಏನಾಯಿತು ಎಂದು ಕೇಳಿ ತಿಳಿದುಕೊಳ್ಳಿ. ಮಳೆಗೆ ಆ ವೈರು ನೆನೆದು ದಾರಿ ನಡುವೆ ಎಂಜಿನ್ ಆಫ್ ಆಗುವುದುಂಟು.

ಬಲಬದಿಯ ಸೈಲೆನ್ಸರ್ ಕಡೆ ಒಮ್ಮೆ ಬಗ್ಗಿ ನೋಡಿ. ಆಕ್ಟಿವಾದ ಹಿಂದಿನ ಚಕ್ರ ಬಿಚ್ಚಬೇಕಾದರೆ ಮೊದಲು ಸೈಲೆನ್ಸರ್ ಬಿಚ್ಚಬೇಕು. ಕಿಟ್‌ನ ಬಲತೋಳು ಸೈಲೆನ್ಸರಿನ ಬೋಲ್ಟಿಗೆ ಅಡ್ಡ ನಿಂತಿದ್ದರೆ ಒಂದು ಟೈರು ಬದಲಿಸಲು ಇಡೀ ಕಿಟ್ ಇಳಿಸಬೇಕಾಗುತ್ತದೆ. ಪಂಕ್ಚರ್ ಅಂಗಡಿಯವರು ಗಾಡಿ ದೂರದಿಂದ ಕಂಡ ಕೂಡಲೇ ‘ಆಗಲ್ಲ’ ಎನ್ನುವುದು ಇದಕ್ಕೇ. ಗಾಡಿಯ ಟೈರು ಟ್ಯೂಬ್‌ಲೆಸ್ ಆಗಿದ್ದರೂ ಕಿಟ್ ಜೊತೆ ಬರುವ ಪಕ್ಕದ ಚಕ್ರಗಳದ್ದು ಎಷ್ಟೋ ಸಲ ಟ್ಯೂಬಿನದೇ. ಸ್ವಲ್ಪ ಹೆಚ್ಚು ಕೊಟ್ಟಾದರೂ ಟ್ಯೂಬ್‌ಲೆಸ್ ಹಾಕಿಸಿಕೊಳ್ಳಿ.

ಮನೆ ಗೇಟಿನ ಅಗಲವನ್ನು ಕೊಳ್ಳುವ ಮೊದಲೇ ಅಳೆಯಿರಿ. ಬರೀ ಆಕ್ಟಿವಾ 697 ಮಿ.ಮೀ. ಅಗಲ, ಕಿಟ್ ಸೇರಿದರೆ ಒಂದು ಮೀಟರ್ ಆಸುಪಾಸಿಗೆ ಹೋಗುತ್ತದೆ. ಮೂರಡಿ ಗೇಟಿನಲ್ಲಿ ತೂರುವುದಿಲ್ಲ.

ಓಡಿಸುವ ವಿಚಾರಕ್ಕೆ ಬಂದರೆ, ಹೆಚ್ಚು ಎಡವುವವರು ಅಪಘಾತಕ್ಕೆ ಮುಂಚೆ ವರ್ಷಗಟ್ಟಲೆ ಬೈಕ್ ಓಡಿಸಿದವರು. ಎರಡು ಚಕ್ರದ ಗಾಡಿ ತಿರುವಿನಲ್ಲಿ ಒಳಕ್ಕೆ ಬಾಗುತ್ತದೆ, ಮೈಯೂ ಜೊತೆಗೆ ಬಾಗುತ್ತದೆ. ಕಿಟ್ ಹಾಕಿದ ಗಾಡಿ ಬಾಗುವುದೇ ಇಲ್ಲ. ಆಟೊದಂತೆ ಹ್ಯಾಂಡಲನ್ನು ತಿರುಗಬೇಕಾದ ಕಡೆಗೇ ತಿರುಗಿಸಬೇಕು, ಗಾಡಿ ಹೊರಕ್ಕೆ ತಳ್ಳುತ್ತದೆ, ಒಳಬದಿಯ ಚಕ್ರ ಮೇಲೇಳಲು ನೋಡುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ಮೈಯನ್ನು ಒಳಬದಿಗೆ ಒರಗಿಸಬೇಕು. ಬೆನ್ನುಹುರಿಯ ಪೆಟ್ಟಿನಿಂದ ಮೈ ಒರಗಿಸಲಾಗದವರು ತಿರುವಿನಲ್ಲಿ 15-20 ಕಿ.ಮೀ. ವೇಗ ದಾಟಬಾರದು. ನೇರ ರಸ್ತೆಯಲ್ಲೂ 40 ಸಾಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆ ಇಳಿಜಾರಾಗಿರುವುದರಿಂದ ಹ್ಯಾಂಡಲು ಸದಾ ಎಡಕ್ಕೆ ಎಳೆಯುತ್ತದೆ. ಸ್ವಲ್ಪ ಎಳೆತ ದೋಷವಲ್ಲ. ಸಮತಟ್ಟು ನೆಲದಲ್ಲೂ ಎಳೆದರೆ ಮಾತ್ರ ಪಕ್ಕದ ಚಕ್ರ ಓರೆಯಾಗಿ ಕೂತಿದೆ ಎಂದರ್ಥ. ಕೆಲವೇ ವಾರಗಳಲ್ಲಿ ಆ ಟೈರು ಒಂದೇ ಅಂಚಿನಲ್ಲಿ ಸವೆದು ಅದನ್ನು ತೋರಿಸಿಕೊಡುತ್ತದೆ.

ಹಂಪನ್ನು ನೇರವಾಗಿ ಹತ್ತಿಸಿ, ಓರೆಯಾಗಿ ಹತ್ತಿಸಿದರೆ ಗಾಡಿ ಹೊರಳುತ್ತದೆ. ಗುಂಡಿಯನ್ನು ಎರಡು ಚಕ್ರದ ನಡುವೆ ಬಿಟ್ಟು ಹೋಗುವ ಹಳೆಯ ಚಾಳಿ ಇಲ್ಲಿ ನಡೆಯದು, ನಡುವೆ ಇರುವುದೇ ಎಳೆಯುವ ಚಕ್ರ. ಉತ್ತರ ಕರ್ನಾಟಕದ ಎರೆ ನೆಲದಲ್ಲಿ ಇನ್ನೊಂದು ಕಾಟ: ಮಳೆ ಬಂದಾಗ ಮಣ್ಣು ಪಕ್ಕದ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಅಲ್ಲಿಯವರು ಟೈರಿಗೂ ಮಡ್‌ಗಾರ್ಡಿಗೂ ಎರಡು ಬೆರಳಿಗಿಂತ ಹೆಚ್ಚು ಜಾಗ ಬಿಡಿಸಿಕೊಳ್ಳಬೇಕು.

ಇನ್ನು ದೇಹದ ಮಾತು. ಸ್ಪರ್ಶ ಇಲ್ಲದ ಕಾಲು ಕುಲುಕಾಟಕ್ಕೆ ಫುಟ್‌ಬೋರ್ಡಿನಿಂದ ಜಾರಿ ನೆಲಕ್ಕೆ ಉಜ್ಜಿದರೂ, ಸೈಲೆನ್ಸರಿಗೆ ತಾಗಿ ಬೆಂದರೂ ಸವಾರನಿಗೆ ಗೊತ್ತಾಗುವುದಿಲ್ಲ. ಫುಟ್‌ಬೋರ್ಡಿಗೆ ಒಂದೂವರೆ ಇಂಚು ಅಗಲದ ವೆಲ್ಕ್ರೊ ಪಟ್ಟಿ ಹಾಕಿಸಿ ಪಾದದ ಮೇಲಿಂದ ಕಟ್ಟಿಕೊಳ್ಳಿ. ಪಟ್ಟಿಯನ್ನು ಕಣಕಾಲಿಗೆ ಸುತ್ತಬೇಡಿ, ಗಾಡಿ ಮಗುಚಿದರೆ ಕಾಲು ಬಿಡಿಸಿಕೊಳ್ಳಲಾಗದು. ಬೂಟು, ಕಾಲ್ಚೀಲ ಇಲ್ಲದೆ ಹೊರಡಬೇಡಿ. ಮಧುಮೇಹದಿಂದ ಪಾದದ ಸ್ಪರ್ಶ ಹೋದವರಿಗೂ ಇದೇ ಮಾತು. ಬೆನ್ನುಹುರಿಯ ಪೆಟ್ಟಾದವರಿಗೆ ಸೀಟಿನ ಕುಲುಕಾಟದಿಂದ ಕುಂಡೆಯ ಚರ್ಮದ ಮೇಲೆ ಹುಣ್ಣಾಗುತ್ತದೆ. ಜೆಲ್ ಅಥವಾ ಗಾಳಿಯ ಮೆತ್ತೆ ಹಾಕಿಕೊಂಡು, ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕೈಯೂರಿ ಮೈ ಎತ್ತಬೇಕು. ಬೆನ್ನಿಗೆ ಒರಗು ಇಲ್ಲದ ಕಿಟ್ ಅವರಿಗೆ ಬೇಡವೇ ಬೇಡ. ಮಂಡಿಯ ಬಳಿ ಲಾಕ್ ಇರುವ ಉದ್ದ ಕ್ಯಾಲಿಪರ್‌ನವರು ಲಾಕ್ ತೆಗೆದು ಕೂತು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮಂಡಿಗೆ ತಾಗುತ್ತದೆಯೇ ನೋಡಲಿ.

ಎಡಗೈ ಬಲ ಕಡಿಮೆ ಇರುವವರು ಎರಡು ಸಲ ಯೋಚಿಸಬೇಕು. ಆಕ್ಟಿವಾದ ಕಾಂಬಿ ಬ್ರೇಕಿನಲ್ಲಿ ಎಡ ಲಿವರ್ ಹಿಡಿದರೆ ಎರಡೂ ಚಕ್ರಕ್ಕೆ ಬ್ರೇಕ್, ಬಲದ್ದು ಮುಂದಿನದಕ್ಕೆ ಮಾತ್ರ. ಕಿಟ್‌ನ ಹೆಚ್ಚುವರಿ ಭಾರವನ್ನು ಮುಂದಿನ 130 ಮಿ.ಮೀ. ಡ್ರಮ್ ಒಂದೇ ನಿಲ್ಲಿಸಲಾರದು. ಮೂರ್ಛೆ ರೋಗ, ಇದ್ದಕ್ಕಿದ್ದಂತೆ ತಲೆಸುತ್ತಿ ಬೀಳುವ ತೊಂದರೆ ಇರುವವರಿಗೆ ಯಾವ ಕಿಟ್ಟೂ ಪರಿಹಾರವಲ್ಲ. ಲೈಸೆನ್ಸ್ ಅರ್ಜಿಯ ನಮೂನೆ 1ರಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅದೂ ಇದೆ.

ಕಾಗದಪತ್ರವನ್ನು ಉದಾಸೀನ ಮಾಡಬೇಡಿ. ಕಿಟ್ ಹಾಕಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನದ ಮಾರ್ಪಾಡು. ಎಆರ್‌ಎಐ ಅಥವಾ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಇರುವ ಕಿಟ್ಟನ್ನೇ ತೆಗೆದುಕೊಂಡು, ಅದರ ಪ್ರತಿ, ಬಿಲ್ಲು ಮತ್ತು ಯುಡಿಐಡಿ ಕಾರ್ಡಿನೊಂದಿಗೆ (ವಿಕಲಚೇತನರ ಗುರುತಿನ ಚೀಟಿ) ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಸಿ. ಹಳೆಯ ಆರ್‌ಸಿಗಳಲ್ಲಿ ಇನ್‌ವ್ಯಾಲಿಡ್ ಕ್ಯಾರೇಜ್ (ವಿಕಲಚೇತನರ ವಾಹನ) ಎಂದು ಇರುವುದು 2019ರ ತಿದ್ದುಪಡಿಯ ನಂತರ ಅಡಾಪ್ಟೆಡ್ ವೆಹಿಕಲ್ ಆಗಿದೆ. ಲೈಸೆನ್ಸಿನಲ್ಲೂ ಅದೇ ವರ್ಗ ಇರಬೇಕು. ಆರ್‌ಸಿಯಲ್ಲಿ ಬರೆಸದೆ ಓಡಿಸಿದರೆ ಅಪಘಾತದ ದಿನ ಇನ್ಶೂರೆನ್ಸ್ ಕಂಪನಿಗೆ ತಕರಾರು ಎತ್ತಲು ಅದೇ ಸಾಕು. ಬರೆಸಿದರೆ ಲಾಭವೂ ಉಂಟು: ವಿಕಲಚೇತನರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿ) ಪ್ರೀಮಿಯಮ್ಮಿನಲ್ಲಿ ಶೇ. 50 ರಿಯಾಯಿತಿಗೆ ಮೋಟಾರ್ ಟ್ಯಾರಿಫ್‌ನಲ್ಲಿ ಐಎಂಟಿ 12 ಎಂಬ ಷರತ್ತು ಇದೆ. ಏಜೆಂಟರು ತಾವಾಗಿ ಹೇಳುವುದು ಅಪರೂಪ, ಹೆಸರು ಹಿಡಿದು ಕೇಳಿ.

ರಿವರ್ಸ್ ಗೇರ್ ಬೇಕೇ? ಕಾಲೂರಿ ಹಿಂದಕ್ಕೆ ತಳ್ಳಲಾಗದವರಿಗೆ ಬೇಕೇ ಬೇಕು. ಆದರೆ ಬ್ಯಾಟರಿಯಿಂದ ಓಡುವ ರಿವರ್ಸ್ ಮೋಟರಿಗೆ ಬೇರೆ ಬ್ಯಾಟರಿ ಇರಲಿ. ಸ್ಕೂಟರಿನ ಪುಟ್ಟ ಬ್ಯಾಟರಿಗೇ ಜೋಡಿಸಿದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ, ಕಿಕ್ ಹೊಡೆಯುವುದು ಇವರಿಂದ ಆಗದ ಮಾತು.

ಹಾಕಿಸಿದ ಮೇಲೆ ಮೊದಲ 100 ಕಿ.ಮೀ.ಗೆ ಎಲ್ಲ ಬೋಲ್ಟು ಮತ್ತೆ ಬಿಗಿಸಿ, ಆಮೇಲೆ ಪ್ರತಿ ಸರ್ವಿಸಿನಲ್ಲೂ ಬಿಗಿಸುತ್ತಿರಿ. ತೋಳು ಬಾಗಿದ ಕಡೆಯ ವೆಲ್ಡಿಂಗ್ ಮೇಲೆ ಕೂದಲೆಳೆಯಷ್ಟು ಬಿರುಕು, ತುಕ್ಕಿನ ಗೆರೆ ಕಂಡರೆ ಓಡಿಸಬೇಡಿ. ಮೈಲೇಜ್ ಲೀಟರಿಗೆ 35-40ಕ್ಕೆ ಇಳಿಯುತ್ತದೆ, ಬೆಲ್ಟ್ ಬೇಗ ಸವೆಯುತ್ತದೆ. ಎರಡನ್ನೂ ದೋಷ ಎನ್ನಲಾಗದು. ಸೆಕೆಂಡ್ ಹ್ಯಾಂಡ್ ಕಿಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಸ್ಪ್ರಿಂಗು ಬೇರೆಯವರ ತೂಕಕ್ಕೆ ಕೂತಿರುತ್ತದೆ, ಬ್ರಾಕೆಟ್ ಬೇರೆ ಮಾದರಿಗೆ ಕತ್ತರಿಸಿರುತ್ತದೆ, ಪ್ರಮಾಣಪತ್ರ ಕೈ ಸೇರುವುದಿಲ್ಲ. ಶಾಕ್ ಇರುವ, ಬೋಲ್ಟಿನಲ್ಲಿ ಕೂರುವ, ಪ್ರಮಾಣಪತ್ರ ಇರುವ ಹೊಸ ಕಿಟ್ ತೆಗೆದುಕೊಂಡು, ಸವಾರನನ್ನು ಕೂರಿಸಿ ಅಳೆಯುವ ಫಿಟ್ಟರ್ ಹತ್ತಿರ ಅರ್ಧ ದಿನ ಕಳೆಯಿರಿ. ಅಂಥ ಫಿಟ್ಟರ್ ಪಕ್ಕದ ಜಿಲ್ಲೆಯಲ್ಲಿದ್ದರೂ ಗೂಡ್ಸ್ ಆಟೊದಲ್ಲಿ ಗಾಡಿ ಹಾಕಿಕೊಂಡು ಹೋಗುವ ಖರ್ಚು ದಂಡವಲ್ಲ.