ಕಡ್ಡಿ ತಿರುಗುವ ‘ಗೋಲ್ಡ್ ಡಿಟೆಕ್ಟರ್’ ಮಾತ್ರ ತಗೋಬೇಡಿ

ಪಿಸ್ತೂಲಿನಂಥ ಹಿಡಿ. ಅದರ ಮುಂದೆ ಹಳೇ ರೇಡಿಯೋ ಆಂಟೆನಾ ಥರ ಎರಡು ಕಡ್ಡಿ. ಮೇಲೆ ಒಂದು ಪುಟ್ಟ ಸ್ಕ್ರೀನ್. ಇಂಥದ್ದನ್ನು ಯಾರಾದರೂ ‘ಲಾಂಗ್ ರೇಂಜ್ ಗೋಲ್ಡ್ ಡಿಟೆಕ್ಟರ್’ ಅಂತ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಅದು ಮೆಟಲ್ ಡಿಟೆಕ್ಟರೇ ಅಲ್ಲ. ಅದಕ್ಕೆ ನಾನು ಕೊಟ್ಟಿದ್ದು 68,000 ರೂಪಾಯಿ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಮ್ಮೂರು ಶ್ರೀರಂಗಪಟ್ಟಣದ ಕಡೆ. ಮಳೆಗಾಲದಲ್ಲಿ ಹೊಲ ಉಳುವಾಗ ಆನೆ ಕಾಸು, ಅಂದರೆ ಆನೆ ಚಿತ್ರದ ಹಳೇ ನಾಣ್ಯ, ಸಿಗುತ್ತಿತ್ತು ಅಂತ ತಾತ ಹೇಳುತ್ತಿದ್ದರು. ಬಿದ್ದುಹೋದ ನಮ್ಮ ಹಳೇ ಮನೆಯ ಹಿತ್ತಲಲ್ಲಿ ಹಳೇ ಬೀಗ, ಎತ್ತಿನ ಗೆಜ್ಜೆ, ಒಂದೆರಡು ಕಾಸು ಸಿಕ್ಕೀತು ಅಂತ ಆಸೆ. ನಿಧಿ ಗಿಧಿ ಅಲ್ಲ. ನಗಬೇಡಿ, ಮನೆಯಲ್ಲಿ ಸಾಕಷ್ಟು ನಕ್ಕಿದ್ದಾರೆ.

ನಾನು ಕೇಳಿದ್ದು ಕೋಲಿನ ತುದಿಯಲ್ಲಿ ದುಂಡನೆಯ ಕಾಯಿಲ್ (ತಂತಿಯ ಸುರುಳಿ) ಇರುವ ಮಾಮೂಲಿ ಮೆಷಿನ್. ಅಂಗಡಿಯವನು, "ಸಾರ್, ಅದು ಆಟದ ಸಾಮಾನು, ಒಂದಡಿ ಇಳಿಯಲ್ಲ. ಇದು ನೋಡಿ, ಆಳ 30 ಮೀಟರ್, ದೂರ ಒಂದು ಕಿಲೋಮೀಟರ್" ಅಂದ. ಅವನು ಹೇಳಿದ್ದರಲ್ಲಿ ಆ ಒಂದಡಿ ಮಾತು ಮಾತ್ರ ನಿಜ. ಒಳ್ಳೇ ಮೆಷಿನ್ ಕೂಡ ಒಂದು ನಾಣ್ಯವನ್ನು ಹಿಡಿಯುವುದು ಹೆಚ್ಚೆಂದರೆ ಅಷ್ಟೇ ಆಳದಲ್ಲಿ.

ಅಂಗಡಿಯ ಹಿಂದೆ ಮರಳಿನ ಗುಡ್ಡೆ ಇತ್ತು. ತನ್ನ ಉಂಗುರ ತೆಗೆದು ಅದರಲ್ಲಿ ಹೂತ. ಕಡ್ಡಿ ನಯವಾಗಿ ಅತ್ತ ತಿರುಗಿತು. ಆಮೇಲೆ ನನ್ನ ಕೈಗೆ ಕೊಟ್ಟು, ಮೊಣಕೈ ಹಿಡಿದು, "ಸ್ವಲ್ಪ ಬಗ್ಗಿಸಿ ಸಾರ್, ಹಾಂ, ಹಾಗೇ" ಅಂದ. ತಿರುಗಿತು. ಉಂಗುರ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿತ್ತಲ್ಲಾ!

ಊರಲ್ಲಿ ಅದು ಹುಣಸೇಮರ ತೋರಿಸಿತು. ಅಗೆದೆವು, ಬೇರು ಬಿಟ್ಟರೆ ಏನೂ ಇಲ್ಲ. ಮಾರನೇ ದಿನ ತಿಪ್ಪೆ ತೋರಿಸಿತು. ಅಕ್ಕಪಕ್ಕದವರೆಲ್ಲ ಬೇಲಿ ಹತ್ತಿರ ನಿಂತು ನೋಡುತ್ತಿದ್ದರು. ಕೊನೆಗೆ ನನ್ನ ಮಗಳು, "ಅಪ್ಪ, ನೀನು ಒಳಗೆ ಹೋಗು" ಅಂದು, ಅಂಗಳದಲ್ಲಿ ಬುಟ್ಟಿಗಳನ್ನು ಬೋರಲು ಹಾಕಿ ಒಂದರ ಕೆಳಗೆ ಅಮ್ಮನ ಬಂಗಾರದ ಬಳೆ ಇಟ್ಟಳು. ಕಡ್ಡಿ ತೋರಿಸಿದ ಬುಟ್ಟಿ ಎತ್ತಿದರೆ ಖಾಲಿ. ಇನ್ನೊಂದು, ಖಾಲಿ. "ಮೂಲೆಯದರಲ್ಲಿದೆ ಅಪ್ಪ" ಅಂದಳು. ಅಂದಿದ್ದೇ ತಡ, ಕಡ್ಡಿ ಸರಕ್ಕನೆ ಮೂಲೆಗೆ ತಿರುಗಿತು. ನಾನು ಬೇಕೂಂತ ಮಾಡಲಿಲ್ಲ. ಮನಸ್ಸು ಅತ್ತ ಹೋದರೆ ಮಣಿಕಟ್ಟು ಒಂಚೂರು ವಾಲುತ್ತದೆ, ಸಡಿಲ ಕಡ್ಡಿ ತಾನೇ ತಿರುಗುತ್ತದೆ. ಅಷ್ಟೇ ಅದರ ತಂತ್ರ. ನಿಂತಲ್ಲೇ ಕುಸಿದುಹೋದ ಹಾಗಾಯಿತು. ಮಗಳು ಏನೂ ಅನ್ನಲಿಲ್ಲ. ಅದು ಇನ್ನೂ ಕಷ್ಟ.

ಅಂಗಡಿಯವನಿಗೆ ಫೋನ್ ಮಾಡಿದೆ.

"ಹೊಸ ಬಂಗಾರ ತೋರಿಸಲ್ಲ ಸಾರ್. ನೂರು ವರ್ಷ ಮಣ್ಣಲ್ಲಿದ್ದರೆ ಮಾತ್ರ ಕಿರಣ ಬಿಡುತ್ತೆ."

"ಮತ್ತೆ ನಿಮ್ಮ ಉಂಗುರ?"

"ಅದು ನಮ್ಮ ತಾತಂದು ಸಾರ್."

ತಾತನ ಉಂಗುರವಂತೆ! ಇನ್ನೊಂದು ಸಲ, "ಜೇಬಲ್ಲಿ ಮೊಬೈಲ್ ಇತ್ತಾ?" ಮತ್ತೊಂದು ಸಲ, "ಬಿಸಿಲು ಜಾಸ್ತಿ ಇರಬೇಕು." ದುಡ್ಡು ವಾಪಸ್ ಕೇಳಿದಾಗ ದನಿಯೇ ಬದಲಾಯಿತು. "ಪೊಲೀಸ್ ಹತ್ರ ಹೋಗಿ ಸಾರ್. ನಿಧಿ ಹುಡುಕೋಕೆ ತಗೊಂಡೆ ಅಂತ ನೀವೇ ಬರೆದುಕೊಡಬೇಕಾಗುತ್ತೆ." ಗಮನಿಸಿ, ಇವರ ಧೈರ್ಯವೆಲ್ಲ ಇದೇ. ಮೋಸ ಹೋದವನು ನಾಚಿಕೆಗೋ ಹೆದರಿಕೆಗೋ ಬಾಯಿ ಬಿಡುವುದಿಲ್ಲ ಅಂತ ಗೊತ್ತು.

ಟಿವಿ ರಿಪೇರಿಯವರ ಹತ್ತಿರ ಬಿಚ್ಚಿಸಿದೆ. ಬ್ಯಾಟರಿಯಿಂದ ಸ್ಕ್ರೀನ್‌ಗೆ, ಬಜರ್‌ಗೆ ವೈರ್ ಇದೆ. ಕಡ್ಡಿಗೆ ಒಂದು ವೈರೂ ಇಲ್ಲ. ಇಂಥದ್ದೇ ಕಡ್ಡಿಯನ್ನು ಬಾಂಬ್ ಪತ್ತೆ ಯಂತ್ರ ಅಂತ ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ 10 ವರ್ಷ ಜೈಲಾಯಿತು. ನಮ್ಮವನು ಅಂಗಡಿ ಬಾಗಿಲು ತೆರೆದು ಆರಾಮಾಗಿ ಕೂತಿದ್ದಾನೆ.

ನಿಮಗೆ ಬೇಕೇ ಬೇಕಿದ್ದರೆ ಕಾಯಿಲ್ ಇರುವುದನ್ನೇ ತಗೊಳ್ಳಿ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಬರೀ ಮಣ್ಣಿಗೇ ಕೂಗದ ಹಾಗೆ ಮೆಷಿನ್ ಹೊಂದಿಸುವ ಸೌಲಭ್ಯ, ಇದೆಯಾ ನೋಡಿ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದಿಲ್ಲದಿದ್ದರೆ ಸುಮ್ನೆ ಕೂಗುತ್ತಲೇ ಇರುತ್ತದೆ. ‘ಬಂಗಾರ ಮಾತ್ರ ತೋರಿಸುತ್ತೆ’ ಅನ್ನುವುದೂ ಸುಳ್ಳು. ತೆಳು ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಮೆಷಿನ್ ಸ್ಕ್ರೀನಿನಲ್ಲಿ ಒಂದೇ ನಂಬರ್ ಬರಬಹುದು. ಅಂಗಡಿಯಲ್ಲಿ ನಾಣ್ಯ ಬಚ್ಚಿಡುವವರು ನಿಮ್ಮ ಕಡೆಯವರಾಗಿರಲಿ, ಅಂಗಡಿಯವನೂ ನೀವೂ ಬೆನ್ನು ತಿರುಗಿಸಿ ನಿಲ್ಲಿ.

ಕಾನೂನಿನ ಮಾತನ್ನೂ ಅವನು ಕೊಳ್ಳುವ ಮುಂಚೆ ಎತ್ತಲಿಲ್ಲ, ಹೆದರಿಸುವಾಗ ಎತ್ತಿದ. ಸ್ವಂತ ಹಿತ್ತಲಾದರೂ, ಮಣ್ಣಲ್ಲಿ ಅಡಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಅದು ಕರ್ನಾಟಕದ 1962ರ ನಿಧಿ ಕಾಯ್ದೆ, ಈಗಲೂ ಜಾರಿಯಲ್ಲಿದೆ. ಮುಚ್ಚಿಟ್ಟರೆ ಜೈಲು ಆಗಬಹುದು. ಕೋಟೆ, ಹಳೇ ಗುಡಿಯಂಥ ರಕ್ಷಿತ ಜಾಗಗಳಲ್ಲಿ ಮೆಷಿನ್ ಹಿಡಿದು ಅಗೆಯಲು ಹೋಗಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅವನ ಬಿಲ್‌ನಲ್ಲಿ ಇರುವುದು ‘ಎಲೆಕ್ಟ್ರಾನಿಕ್ ಐಟಂ’ ಅಂತ ಅಷ್ಟೇ. ಮಾಡೆಲ್ ಹೆಸರಿಲ್ಲ, 30 ಮೀಟರ್ ಮಾತಂತೂ ಇಲ್ಲವೇ ಇಲ್ಲ. ಅದನ್ನೆಲ್ಲ ಬರೆಸಿಕೊಳ್ಳದೆ ನೀವು ಒಂದು ರೂಪಾಯಿಯನ್ನೂ ಕೊಡಬೇಡಿ.