ಬಿಟ್ಟಿ ವಕೀಲರು ಹೇಗಿರ್ತಾರೆ? ಕಾನೂನು ನೆರವು ಕಚೇರಿ ಬಗ್ಗೆ ನನ್ನ ಅನುಭವ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ನಮ್ಮದು ಸಣ್ಣ ಊರು, ಕೋರ್ಟ್ ಆವರಣದಲ್ಲಿ ಟೀ ಮಾರುವವನಿಗೂ ನಮ್ಮ ಮನೆ ವಿಷಯ ಗೊತ್ತಾಗಿಹೋಗಿದೆ, ಇನ್ನು ಇಲ್ಲಿ ಬೇರೆ ಹರಾಜು ಹಾಕುವುದು ಬೇಡ. ಹೆಸರು ನಿಮಗೆ ಬೇಕಾಗಿಯೂ ಇಲ್ಲ. ಬಿಟ್ಟಿಯಾಗಿ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬೋರ್ಡ್ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ, ಹೆಚ್ಚಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ. ತಾಲ್ಲೂಕಿನಲ್ಲೂ ಸಮಿತಿ ಇರುತ್ತದೆ. ಹುಡುಕುವುದು ಕಷ್ಟ ಅನಿಸಿದರೆ 15100ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ.

ಕೇಸು ನನ್ನ ತಂಗಿಯದು. ಅವಳು ಬೆಂಗಳೂರಿನಿಂದ ಮಗಳನ್ನು ಕರೆದುಕೊಂಡು ತವರಿಗೆ ಬಂದು ಒಂದು ವರ್ಷವಾಗಿತ್ತು. ಗಂಡ ಹೆಂಡತಿ ಯಾಕೆ ಹೊಂದಲಿಲ್ಲ ಅನ್ನುವುದು ಇಲ್ಲಿ ಬೇಡ. ಜೂನ್‌ನಲ್ಲಿ ಪುಟ್ಟಿಗೆ ನಾಲ್ಕು ವರ್ಷ ಎಂಟು ತಿಂಗಳು. ಒಂದು ದಿನ ಬೀಗರ ಮನೆಯಿಂದ ಫೋನ್ ಬಂತು. "ಅಕ್ಟೋಬರ್‌ಗೆ ಐದು ತುಂಬಲಿ, ಆಮೇಲೆ ಕಾನೂನು ನಮ್ಮ ಕಡೆ, ಬಂದು ಕರ್ಕೊಂಡು ಹೋಗ್ತೀವಿ." ಅಷ್ಟೇ. ಅವತ್ತಿನಿಂದ ತಂಗಿ ಅಡುಗೆಮನೆಯ ಕ್ಯಾಲೆಂಡರ್ ಕಡೆ ನೋಡುವುದನ್ನೇ ಬಿಟ್ಟಳು. ಮಗುವಿನ ಹುಟ್ಟುಹಬ್ಬ ಬಂದರೆ ಸಾಕು ಅಂತ ಕಾಯುವ ತಾಯಂದಿರನ್ನು ನೋಡಿದ್ದೇನೆ. ಬಾರದೇ ಇರಲಿ ಅಂತ ಕೂತವಳನ್ನು ನೋಡಿದ್ದು ಅದೇ ಮೊದಲು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಮೊಬೈಲ್ ತೆಗೆದು, ಮನೆಯಲ್ಲೇ ಕೂತು ವಕೀಲರ ಜೊತೆ ಮಾತಾಡಿ ಅನ್ನುವ ಒಂದು ಆ್ಯಪ್ ಹಾಕಿಕೊಂಡೆ. 20 ನಿಮಿಷಕ್ಕೆ 799 ರೂಪಾಯಿ. ಕಡೆಗೆ ಒಂದು ದನಿ ಬಂತು, ಹಿಂದೆ ಹಾರ್ನ್ ಸದ್ದು, ಬಹುಶಃ ಬೈಕ್ ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. "ಮೇಡಂ, ಹಂಡ್ರೆಡ್ ಪರ್ಸೆಂಟ್ ಕಸ್ಟಡಿ ನಿಮ್ಮದೇ. ಮೊದಲು ಒಂದು ವರದಕ್ಷಿಣೆ ಕೇಸ್ ಜಡೀರಿ, ತಾನಾಗೇ ದಾರಿಗೆ ಬರ್ತಾರೆ." ಬೀಗರ ಮೇಲೆ ನಮಗೆ ನೂರು ದೂರಿವೆ, ಆದರೆ ವರದಕ್ಷಿಣೆ ಅಂತ ಅವರು ಒಂದು ರೂಪಾಯಿ ಕೇಳಿದವರಲ್ಲ. ಅದನ್ನು ಹೇಳಿದರೆ ಆ ಕಡೆಯಿಂದ ನಗು. ಇಡೀ ಮಾತುಕತೆಯಲ್ಲಿ ಆತ ಮಗುವಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಗೆ "ಅವನನ್ನು ನಿಮ್ಮ ಕೈಗೇ ಕೊಡಿಸ್ತೀನಿ ಬಿಡಿ" ಅಂದರು. ನಮ್ಮದು ಹೆಣ್ಣುಮಗು! ತಂಗಿ ಫೋನ್ ಕಟ್ ಮಾಡಿದಳು, 799 ಹೋಯಿತು. ಆ್ಯಪ್‌ಗೆ ಸ್ಟಾರ್ ಕೊಡುವ ಜಾಗ ಇದಲ್ಲ, ಇದ್ದಿದ್ದರೂ ಕೊಡುತ್ತಿರಲಿಲ್ಲ.

ಕಾನೂನು ನೆರವು ಕಚೇರಿಗೆ ಹೋಗಲು ಹೇಳಿದ್ದು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ನಮಗೆ ಹಿಂಜರಿಕೆ ಇತ್ತು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಅನ್ನುವ ಮಾತು ತಲೆಯಲ್ಲಿ ಕೂತಿದೆಯಲ್ಲ. ಮೇಲಾಗಿ ತಂಗಿ ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ, ತಿಂಗಳಿಗೆ 14 ಸಾವಿರ ಬರುತ್ತದೆ, ಬಡವರಿಗೆ ಇರುವುದನ್ನು ನಾವು ಯಾಕೆ ಕೇಳಬೇಕು ಅನ್ನುವ ಸಂಕೋಚ ಬೇರೆ. ಅದು ಹಾಗಲ್ಲವಂತೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಎಸ್‌ಸಿ, ಎಸ್‌ಟಿಯವರಿಗೂ ಅಂಗವಿಕಲರಿಗೂ ಹಾಗೇ. ಕಾಯ್ದೆಯ ಇಂಥ ಯಾವ ಪಟ್ಟಿಗೂ ಸೇರದವರಿಗೆ ಮಾತ್ರ ಆದಾಯ ನೋಡುತ್ತಾರೆ. ವಕೀಲರ ಫೀಸೂ ಇಲ್ಲ, ಕೋರ್ಟ್ ಫೀಸೂ ಇಲ್ಲ.

ಒಳಗೆ ಒಂದು ಹಳೇ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಕಿಟಕಿ ತನಕ ಫೈಲು. ಕೂತಿದ್ದ ವಕೀಲೆಗೆ ಐವತ್ತರ ಹತ್ತಿರ ಇರಬೇಕು. ಅರ್ಜಿ ಫಾರಂ ಕೊಡುವ ಮೊದಲೇ ಕೇಳಿದ್ದು: "ಮಗು ಈಗ ಎಲ್ಲಿದೆ? ಎಷ್ಟು ದಿನದಿಂದ? ಯಾವ ಸ್ಕೂಲು?" ಇದು ಸುಮ್ನೆ ಉಪಚಾರದ ಮಾತಲ್ಲ ಅಂತ ಆಮೇಲೆ ಗೊತ್ತಾಯಿತು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಮಗು ಮಾಮೂಲಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿನಲ್ಲೇ ಕಸ್ಟಡಿ ಅರ್ಜಿ, ಅಂದರೆ ಮಗು ನಮ್ಮ ಹತ್ತಿರ ಇರಲಿ ಅನ್ನುವ ಅರ್ಜಿ, ಹಾಕಬೇಕು. ಗಂಡನ ಮನೆ ಬೆಂಗಳೂರು ಅಂತ ನಾವು ಅಲ್ಲಿಗೆ ಅಲೆಯಬೇಕಾಗಿರಲಿಲ್ಲ. ಪುಟ್ಟಿ ನಮ್ಮೂರಿನಲ್ಲಿ ನರ್ಸರಿ ಮುಗಿಸಿ ಎಲ್‌ಕೆಜಿ ಸೇರಿದ್ದಳು, ಆ ಫೀಸಿನ ರಸೀದಿ ಮತ್ತು ಲಸಿಕೆ ಕಾರ್ಡೇ ನಮಗೆ ಸಾಕ್ಷಿಯಾಯಿತು. ಲಸಿಕೆ ಕಾರ್ಡ್ ಕೂಡ ಕೋರ್ಟಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ.

ಆಮೇಲೆ ತಂಗಿ ಆ ಐದು ವರ್ಷದ ಮಾತು ತೆಗೆದಳು. ತೆಗೆಯುವಾಗಲೇ ಗಂಟಲು ಕಟ್ಟಿತ್ತು. ಆಯಮ್ಮ ಕನ್ನಡಕ ತೆಗೆದಿಟ್ಟು ಸಮಾಧಾನವಾಗಿ ಹೇಳಿದರು. 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪೋಷಕತ್ವ ಕಾಯ್ದೆಯಲ್ಲಿ ಇರುವುದು ಇಷ್ಟು: ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು. ಐದು ತುಂಬಿದ ದಿನ ಅಪ್ಪನಿಗೆ ಒಪ್ಪಿಸಬೇಕು ಅಂತ ಎಲ್ಲೂ ಇಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಅಂತಿದೆ. "ಹುಟ್ಟುಹಬ್ಬ ಜೋರಾಗಿ ಮಾಡಮ್ಮ" ಅಂದರು. ನನ್ನ ನಾಲ್ಕು ಸ್ಟಾರ್‌ನಲ್ಲಿ ಎರಡು ಆ ಒಂದು ಮಾತಿಗೇ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಹೆದರಿಕೆ, ಅಪ್ಪನೇ ಸಹಜ ಪೋಷಕ, ಅಂದರೆ ಮಗುವಿನ ಪರವಾಗಿ ಸಹಿ ಹಾಕುವ ಹಕ್ಕಿರುವವನು, ಅನ್ನುವುದು. ಕಾಯ್ದೆಯಲ್ಲಿ ಹಾಗೇ ಬರೆದಿದೆ, ಅಪ್ಪ, ಅವನ ನಂತರ ಅಮ್ಮ. ಆದರೆ ಗೀತಾ ಹರಿಹರನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ, ನಂತರ ಅಂದರೆ ಅಪ್ಪ ಸತ್ತ ಮೇಲೆ ಅಂತಲ್ಲ, ಅಪ್ಪ ಮಗುವಿನ ಜವಾಬ್ದಾರಿ ನೋಡದೇ ಇದ್ದಾಗಲೂ ತಾಯಿ ಪೋಷಕಿ ಆಗಬಹುದು ಅಂತ ಹೇಳಿತು. ಆ ಕೇಸು ಶುರುವಾಗಿದ್ದು ಮಗನ ಹೆಸರಿನ ಒಂದು ಬಾಂಡ್ ಅರ್ಜಿಗೆ ಅಪ್ಪನ ಸಹಿ ಬೇಕು ಅಂದಿದ್ದಕ್ಕೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಅಪ್ಪನ ಸಹಿ ಇಲ್ಲದೆ ಆಗಲ್ಲ ಅಂತ ವಾಪಸ್ ಕಳಿಸಿಕೊಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ತಂಗಿ ನೋಟ್‌ಬುಕ್ಕಿನಲ್ಲಿ ಬೇರೆ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗಿದ್ದಳು. ಸಂಬಳ ಕಡಿಮೆ ಇದ್ದರೆ ಮಗು ಸಿಗಲ್ಲವಾ? ಹಾಗೇನಿಲ್ಲ, ಯಾರ ಹತ್ತಿರ ದುಡ್ಡು ಜಾಸ್ತಿ ಅನ್ನುವುದರ ಮೇಲೆ ತೀರ್ಮಾನ ಆಗುವುದಿಲ್ಲ, ಕಡಿಮೆ ಬಿದ್ದಿದ್ದನ್ನು ತುಂಬುವುದಕ್ಕೇ ಜೀವನಾಂಶ ಇರುವುದು. ತಾಯಿ ದುಡಿಯುತ್ತಿದ್ದರೂ ಮಗುವಿನ ಖರ್ಚಿನಲ್ಲಿ ಅಪ್ಪನ ಪಾಲು ತಪ್ಪುವುದಿಲ್ಲ. 2020ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಸಾಲ, ಸಂಬಳ ಎಲ್ಲದರ ಅಫಿಡವಿಟ್ ಹಾಕಬೇಕು. ದುಡ್ಡು ಕೊಡದಿದ್ದರೆ ಮಗುವನ್ನು ತೋರಿಸದೆ ಇರಬಹುದಾ? ಇದಕ್ಕೆ ಆಯಮ್ಮ ಕೈ ಅಡ್ಡ ಆಡಿಸಿದರು. ಅದು ಬೇರೆ, ಇದು ಬೇರೆ. ದುಡ್ಡು ಬರಲಿಲ್ಲ ಅಂತ ಭೇಟಿ ನಿಲ್ಲಿಸುವ ಹಾಗಿಲ್ಲ, ಭೇಟಿ ಸಿಗಲಿಲ್ಲ ಅಂತ ಆತ ದುಡ್ಡು ನಿಲ್ಲಿಸುವ ಹಾಗೂ ಇಲ್ಲ. ತಂಗಿಗೆ ಈ ಉತ್ತರ ಇಷ್ಟವಾಗಲಿಲ್ಲ, ನನಗೂ. ಇಷ್ಟವಾಗದ್ದನ್ನು ಮುಖಕ್ಕೇ ಹೇಳಿದರಲ್ಲ ಅನ್ನುವ ಗೌರವ ಮಾತ್ರ ಅಲ್ಲೇ ಹುಟ್ಟಿತು.

ಮಗು ಒಂಬತ್ತು ವರ್ಷ ದಾಟಿದರೆ ತಾನೇ ಆರಿಸಿಕೊಳ್ಳಬಹುದು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಕಾಯ್ದೆಯಲ್ಲಿ ಇಷ್ಟೇ ವಯಸ್ಸು ಅಂತ ಇಲ್ಲ. ತಿಳಿದು ಹೇಳುವಷ್ಟು ದೊಡ್ಡದಿದ್ದರೆ ಜಡ್ಜ್ ಮಗುವಿನ ಇಷ್ಟವನ್ನೂ ಗಮನಕ್ಕೆ ತೆಗೆದುಕೊಳ್ಳಬಹುದು, ಅಷ್ಟೇ. ಹಾಗೇ ಕಸ್ಟಡಿ ಆದೇಶ ಕಲ್ಲಿನ ಶಾಸನ ಏನಲ್ಲ, ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು. ವಿದೇಶದಲ್ಲಿರುವವರ ಕಥೆ ಬೇರೆ. ಒಂದು ದೇಶದಿಂದ ಇನ್ನೊಂದಕ್ಕೆ ಮಗುವನ್ನು ಕರೆದುಕೊಂಡು ಬಂದರೆ ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಯೇ ಇಲ್ಲ. ಅಮೆರಿಕದಲ್ಲೋ ಲಂಡನ್‌ನಲ್ಲೋ ಗಂಡ, ಇಲ್ಲಿ ಹೆಂಡತಿ ಮಗು, ಅಂಥ ಕೇಸಿದ್ದರೆ ಅದರಲ್ಲೇ ಪಳಗಿದ ವಕೀಲರನ್ನು ಹಿಡಿಯುವುದು ವಾಸಿ.

ಈಗ ಕಳೆದ ಆ ಒಂದು ಸ್ಟಾರ್. ಕೋರ್ಟಿನಲ್ಲಿ ಕೇಸು ನಡೆಸಲು ನಮಗೆ ಕೊಟ್ಟ ಮೊದಲ ವಕೀಲರು ಎರಡು ವಾಯಿದೆಗೆ ಬರಲೇ ಇಲ್ಲ. ಮೂರನೆಯದಕ್ಕೆ ಬಂದ ಜೂನಿಯರ್ ಹುಡುಗನಿಗೆ ತಂಗಿಯ ಹೆಸರೇ ಗೊತ್ತಿಲ್ಲ. ಸಾಲದ್ದಕ್ಕೆ ವರಾಂಡದಲ್ಲಿ ಒಬ್ಬ ಬಂದು "ಟೈಪಿಂಗ್ ಖರ್ಚಿಗೆ ಐನೂರು" ಅಂತ ಕೈ ಚಾಚಿದ. ಅಮ್ಮ ಸೆರಗಿನ ಗಂಟು ಬಿಚ್ಚುತ್ತಿದ್ದರು, ನಾನು ತಡೆದೆ. ನೆರವು ಪಡೆದವರಿಂದ ವಕೀಲರು ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ನೀವೂ ಕೊಡಬೇಡಿ, ಕೇಳಿದರೆ ಅದೇ ಕಚೇರಿಯಲ್ಲಿ ಬರೆದುಕೊಡಿ. ನಾವು ಒಂದು ಬಿಳಿ ಹಾಳೆಯಲ್ಲಿ ಎರಡೂ ವಿಷಯ ಬರೆದು ಕೊಟ್ಟೆವು, ಹತ್ತು ದಿನದಲ್ಲಿ ವಕೀಲರನ್ನು ಬದಲಾಯಿಸಿದರು. ಎರಡನೆಯವರು ಚೆನ್ನಾಗಿದ್ದರು, ಫೋನ್ ಎತ್ತುತ್ತಿದ್ದರು. ವಕೀಲರ ವಿಷಯದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇದೆಯಾ?

ಆಗಸ್ಟ್‌ನಲ್ಲಿ ಮಧ್ಯಂತರ ಆದೇಶ, ಅಂದರೆ ಕೇಸು ಮುಗಿಯುವ ತನಕದ ಏರ್ಪಾಡು, ಆಯಿತು. ಶನಿವಾರ ಎರಡು ಗಂಟೆ ಹೊತ್ತು, ಕೋರ್ಟಿನ ಮಕ್ಕಳ ಕೋಣೆಯಲ್ಲಿ ಅಪ್ಪ ಮಗು ಭೇಟಿ. ಆ ಕೋಣೆಯ ಬಗ್ಗೆ ಹೇಳದೆ ಇರಲಾರೆ. ಗೋಡೆಗೆ ಮಿಕ್ಕಿ ಮೌಸ್ ಬಳಿದಿದ್ದಾರೆ, ಆಟದ ಸಾಮಾನು ಗಾಜಿನ ಬೀರುವಿನೊಳಗೆ ಬೀಗ ಹಾಕಿ ಇಟ್ಟಿದ್ದಾರೆ. ಹೊರಗಿದ್ದದ್ದು ಕಿವಿ ಮುರಿದ ಒಂದು ಮರದ ಕುದುರೆ, ಅದಕ್ಕೆ ಮೂರು ಮಕ್ಕಳ ಸರದಿ. ಪುಟ್ಟಿ ಮೊದಲ ದಿನ ಬೀರುವಿನ ಗಾಜಿಗೆ ಮೂಗು ಒತ್ತಿಕೊಂಡು ಅರ್ಧ ಗಂಟೆ ನಿಂತಿದ್ದಳು. ಹಿಂದೆ ಅವಳ ಅಪ್ಪ ಕೈಯಲ್ಲಿ ಡೈರಿ ಮಿಲ್ಕ್ ಹಿಡಿದುಕೊಂಡು ನಿಂತಿದ್ದ. ಅಕ್ಟೋಬರ್‌ನಲ್ಲಿ ಹುಟ್ಟುಹಬ್ಬವೂ ಬಂತು. ಕೇಕ್ ತಂದೆವು, ಯಾರೂ ಬಂದು ಯಾರನ್ನೂ ಕರೆದುಕೊಂಡು ಹೋಗಲಿಲ್ಲ.

ನವೆಂಬರ್‌ನಲ್ಲಿ ಕೇಸನ್ನು ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ಕೂತು ರಾಜಿ ಮಾತಾಡುವುದಕ್ಕೆ, ಕಳಿಸಿದರು. ಅದಕ್ಕೂ ನಾವು ದುಡ್ಡು ಕಟ್ಟಲಿಲ್ಲ, ಅಲ್ಲಿ ಆಡಿದ ಮಾತು ಜಡ್ಜ್ ತನಕ ಹೋಗುವುದೂ ಇಲ್ಲ. ಒಳಗೆ ಜಗಳ ಶುರುವಾಗುವ ಮೊದಲೇ ಮಧ್ಯಸ್ಥಿಕೆ ಮಾಡುತ್ತಿದ್ದವರು ಇಬ್ಬರನ್ನೂ ಸಣ್ಣ ಸಣ್ಣ ಪ್ರಶ್ನೆ ಕೇಳಿದರಂತೆ. ಜ್ವರ ಬಂದರೆ ಯಾವ ಸಿರಪ್? ಕ್ಲಾಸ್ ಟೀಚರ್ ಹೆಸರೇನು? ಮಲಗುವಾಗ ಹಟ ಮಾಡಿದರೆ ಏನು ಮಾಡುತ್ತೀರಿ? ಟೀಚರ್ ಹೆಸರು ಆತನಿಗೆ ಬರಲಿಲ್ಲ. ಆದರೆ ಮೂರನೆಯದಕ್ಕೆ, "ಹೊದಿಕೆ ಮೂಲೆ ಕೈಗೆ ಕೊಡಬೇಕು, ಬೆರಳಲ್ಲಿ ಉಜ್ಜಿಕೊಂಡೇ ಮಲಗ್ತಾಳೆ" ಅಂದನಂತೆ. ಹೊರಗೆ ಬಂದು ತಂಗಿ ಅದನ್ನು ನನಗೆ ಎರಡು ಸಲ ಹೇಳಿದಳು. ಮೊದಲ ಸಲ ಸಿಟ್ಟಿನಲ್ಲಿ, ಎರಡನೇ ಸಲ ಸಿಟ್ಟಿರಲಿಲ್ಲ. ಆ ದಿನ ಬಸ್‌ನಲ್ಲಿ ಅವಳು ಬೇರೆ ಮಾತೇ ಆಡಲಿಲ್ಲ.

ಮೂರು ಸಿಟ್ಟಿಂಗ್ ಆದ ಮೇಲೆ ಒಪ್ಪಂದ ಆಯಿತು. ಮಗು ತಾಯಿಯ ಹತ್ತಿರ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ ಹತ್ತರಿಂದ ಭಾನುವಾರ ಸಂಜೆ ಐದರವರೆಗೆ ಅಪ್ಪನ ಹತ್ತಿರ. ದಸರಾ ರಜೆ, ಬೇಸಿಗೆ ರಜೆ ಅರ್ಧ ಅರ್ಧ. ಯುಗಾದಿ ಇಲ್ಲಿ, ದೀಪಾವಳಿ ಅಲ್ಲಿ, ಮುಂದಿನ ವರ್ಷ ಅದಲುಬದಲು. ಬುಧವಾರ ಸಂಜೆ ಏಳಕ್ಕೆ ವಿಡಿಯೊ ಕಾಲ್. ಪಾಸ್‌ಪೋರ್ಟ್ ಮಾಡಿಸುವುದಿದ್ದರೆ ಇಬ್ಬರೂ ಸಹಿ ಹಾಕಬೇಕು. ಮಗುವನ್ನು ಒಪ್ಪಿಸುವ ಜಾಗ ಯಾರ ಮನೆ ಬಾಗಿಲೂ ಅಲ್ಲ, ಬಸ್ ಸ್ಟ್ಯಾಂಡಿನ ನಂದಿನಿ ಬೂತ್. ಇದು ನನ್ನ ಐಡಿಯಾ ಅಂತ ಹೇಳಿಕೊಳ್ಳುತ್ತೇನೆ. ಮನೆ ಬಾಗಿಲಲ್ಲಾದರೆ ಅಜ್ಜಿಯರು ಇರ್ತಾರೆ, ಅಜ್ಜಿಯರಿದ್ದರೆ ಮಾತು ಬೆಳೆಯುತ್ತದೆ. ಬೂತ್ ಮುಂದೆ ಬಾದಾಮಿ ಹಾಲು ಕುಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಡಿಸೆಂಬರ್‌ನಲ್ಲಿ ಕೋರ್ಟ್ ಇದನ್ನೇ ಆದೇಶ ಮಾಡಿತು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಹೊಡೆತ ಬಡಿತ ಇರುವ ಮನೆ ಆಗಿದ್ದರೆ ಮೀಡಿಯೇಷನ್ ಟೇಬಲ್‌ಗೆ ಕೂರಿ ಅಂತ ನಾನಂತೂ ಹೇಳುವುದಿಲ್ಲ, ಮೊದಲೇ ವಕೀಲರಿಗೆ ಬಾಯಿ ಬಿಟ್ಟು ಹೇಳಿ. ಮಹಿಳಾ ಸಹಾಯವಾಣಿ 181, ಮಕ್ಕಳದು 1098.

ಹೋಗುವವರು ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಆಧಾರ್, ಮದುವೆ ಫೋಟೊ ಅಥವಾ ಲಗ್ನಪತ್ರಿಕೆ, ಶಾಲೆಯ ರಸೀದಿ, ಲಸಿಕೆ ಕಾರ್ಡ್ ಇಟ್ಟುಕೊಂಡು ಹೋಗಿ. ಊಟದ ಹೊತ್ತಿಗೆ ಹೋಗಬೇಡಿ, ಹನ್ನೊಂದರೊಳಗೆ ಹೋದರೆ ಸಮಾಧಾನವಾಗಿ ಮಾತಾಡುತ್ತಾರೆ. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್ ಮೊದಲೇ ಮಾಡಿಸಿಕೊಳ್ಳಿ. ನಮ್ಮ ಕೋರ್ಟ್ ಎದುರಿನ ಅಂಗಡಿಯಲ್ಲಿ ಹಾಳೆಗೆ ಮೂರು ರೂಪಾಯಿ, ಬಸ್ ಸ್ಟ್ಯಾಂಡ್ ಹತ್ತಿರ ಒಂದೇ.